ಜೀನ್ ಮುಟ್ಟದೆ ಮಗುವನ್ನು ಮುಂದೆ ತಳ್ಳುವ ವಿಧಾನ

ಮೊದಲು ಜೀನ್ ತಿದ್ದುವವರನ್ನು ಬಾಯ್ತುಂಬ ಬೈಯಿರಿ. ಭ್ರೂಣದ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದೇನೆಂದು 2018ರಲ್ಲಿ ಸಾರಿ, ಆಮೇಲೆ ಜೈಲು ಸೇರಿದ ಚೀನಾದ ಹೆ ಜಿಯಾನ್‌ಕುಯಿಯ ಹೆಸರು ನಾಲಿಗೆ ತುದಿಯಲ್ಲಿರಲಿ. ‘ದುಡ್ಡಿದ್ದವರ ಮಕ್ಕಳು ಹುಟ್ಟುವಾಗಲೇ ಮುಂದಿದ್ದರೆ ಬಡವರ ಮಕ್ಕಳ ಗತಿಯೇನು?’ ಎಂದು ಕೇಳಿ. ಮುಂಬಯಿಯ ಪೊವಾಯಿಯ ಸೊಸೈಟಿ ಗೇಟಿನಲ್ಲಿ, ಇಂಟರ್‌ನ್ಯಾಷನಲ್ ಸ್ಕೂಲಿನ ಎಸಿ ಬಸ್ಸಿಗೆ ಕಾಯುವ ಹೊತ್ತು ಈ ಮಾತಿಗೆ ಪ್ರಶಸ್ತ.

ಬಸ್ಸು ಹೋದ ಮೇಲೆ ಕೆಲಸಕ್ಕೆ ಇಳಿಯಿರಿ. ಲೀವಿಂಗ್ ಸರ್ಟಿಫಿಕೇಟಿನ ಮಾತೃಭಾಷೆಯ ಕಾಲಂ ನೋಡಿ, ‘ಕನ್ನಡ’ ಎಂದಿರಬೇಕು. ಭಾಷಾ ಅಲ್ಪಸಂಖ್ಯಾತರ ಕಾಲೇಜುಗಳಲ್ಲಿ ಹನ್ನೊಂದನೆಯ ತರಗತಿಯ ನೂರಕ್ಕೆ 50 ಸೀಟು ಆಯಾ ಸಮುದಾಯಕ್ಕೆ. ಮಗ ‘ಅಜ್ಜಿ, ಊಟ ಆಯ್ತಾ?’ ಎಂಬುದನ್ನೂ ಇಂಗ್ಲಿಷಿನಲ್ಲೇ ಕೇಳುತ್ತಾನೆಂದು ಅಳುಕಬೇಡಿ. ಕಾಲಂಗೆ ಕಿವಿಯಿಲ್ಲ. ಅದು ತಪ್ಪಿದರೆ ನೂರಕ್ಕೆ 10ರ ಇನ್‌ಹೌಸ್ ಕೋಟಾ ಹಿಡಿಯಿರಿ, ಅದೂ ತಪ್ಪಿದರೆ 5ರ ಮ್ಯಾನೇಜ್‌ಮೆಂಟ್ ಕೋಟಾ. ಕ್ಯಾಪಿಟೇಶನ್ ಶುಲ್ಕವನ್ನು ಮಹಾರಾಷ್ಟ್ರ 1987ರಲ್ಲೇ ಕಾಯ್ದೆ ತಂದು ನಿಷೇಧಿಸಿದೆ. ಆದ್ದರಿಂದ ಆ ಪದ ಬಳಸಬೇಡಿ, ‘ಡೊನೇಷನ್’ ಎನ್ನಿ. ಅದನ್ನೂ ಫೋನಿನಲ್ಲಿ ಅನ್ನಬೇಡಿ.

ಇನ್ನು ಅಜ್ಜನನ್ನು ಬಳಸುವ ಬಗೆ. ಕುಂದಾಪುರದ ಕಡೆಯಿಂದ ಬಂದು, ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದ ಅಜ್ಜ ನಿಮ್ಮ ಮನೆಯಲ್ಲಿದ್ದರೆ ಜೋಪಾನ ಮಾಡಿ. ಅಮೆರಿಕದ ಯೂನಿವರ್ಸಿಟಿಗೆ ಕಳಿಸುವ ಪ್ರಬಂಧಕ್ಕೆ ಅಂಥ ಸರಕು ಬೇರೆ ಸಿಗದು. ಬರೆಯುವುದನ್ನು ಕೌನ್ಸೆಲರ್‌ಗೆ ಬಿಡಿ. ಮಗ ಒಮ್ಮೆ ಓದಿಕೊಂಡರೆ ಸಾಕು. ಸಂದರ್ಶನದಲ್ಲಿ ಅಜ್ಜನ ಊರು ಕೇಳಿದರೆ ಮಾತ್ರ ತಡವರಿಸಬಾರದು, ಬಾಯಿಪಾಠ ಮಾಡಿಸಿ.

ಮನೆಗೆಲಸದವಳ ಮಗಳು ಪಾಲಿಕೆ ಶಾಲೆಯಲ್ಲಿ ಓದಿ, ನಿಮ್ಮ ಮಗ ಬರೆಯುವ ಸಿಇಟಿಯನ್ನೇ ಬರೆಯುತ್ತಾಳೆ. ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ ಎಂದು ಅವಳಿಗೆ ನೆನಪಿಸಿ. ಹಳೆಯ ಗೈಡುಗಳನ್ನೂ ಕೊಡಿ, ಸಿಲಬಸ್ ಬದಲಾಗಿದ್ದರೂ ಪರವಾಗಿಲ್ಲ. ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗಿರುವ ನೂರಕ್ಕೆ 25 ಸೀಟಿನಿಂದ ಹಲವು ಶಾಲೆಗಳಿಗೆ ಸರ್ಕಾರ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು. ಅದರಿಂದ ನಿಮಗಾದ ಸಂಕಟವನ್ನು ಗೇಟಿನ ಬಳಿ ತೋರಿಸಿಕೊಳ್ಳಬೇಡಿ.

ಕೊನೆಗೆ ಮುಂದಾಲೋಚನೆ. ಐವಿಎಫ್ ಕುರಿತ 2021ರ ಕಾಯ್ದೆಯ ಪ್ರಕಾರ ಭ್ರೂಣದ ಜೀನ್ ಪರೀಕ್ಷೆ ಆನುವಂಶಿಕ ಕಾಯಿಲೆಯ ಪತ್ತೆಗಷ್ಟೆ. ಆದರೆ ಎದೆಗುಂದಬೇಡಿ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1986ರಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಪ್ರಣಾಳ ಶಿಶು ಹುಟ್ಟಿದ್ದು ಆಗ ದೊಡ್ಡ ಸುದ್ದಿ. ಈಗ ಐವಿಎಫ್ ಕ್ಲಿನಿಕ್ಕುಗಳು ಕಂತಿನಲ್ಲಿ ಹಣ ಕಟ್ಟಿಸಿಕೊಳ್ಳುತ್ತವೆ. ಹಾಗೆಯೇ ಜೀನಿನ ಕಾಯ್ದೆಯೂ ಎಂದಾದರೂ ಸಡಿಲವಾದೀತು. ಅಂದು ನ್ಯಾಯದ ಮಾತು ನಿಲ್ಲಿಸಿ, ಮೊದಲ ಲೋಕಲ್ ಹಿಡಿದು ಹೋಗಿ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ. ಮ್ಯಾನೇಜ್‌ಮೆಂಟ್ ಕೋಟಾ ಇದೆಯೇ ಎಂದೂ ವಿಚಾರಿಸಿ.