ಕಾಟಾ, ಉತಾರ ಮತ್ತು ಬಿಸಿನೆಸ್ ಅನಾಲಿಸ್ಟ್

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ ಕಡೆಯ ಹುಡುಗರಿಗೆ ಹಿಂದೆಲ್ಲ ಮೂರೇ ನೌಕರಿ ಗೊತ್ತಿದ್ದವು: ಮಾಸ್ತರಿಕೆ, ಮಿಲಿಟರಿ, ಸಕ್ಕರೆ ಕಾರ್ಖಾನೆ. ಈಗ ಪುಣೆಗೋ ಬೆಂಗಳೂರಿಗೋ ಹೋಗಿ ಬಿಸಿನೆಸ್ ಅನಾಲಿಸ್ಟ್ ಆಗುವ ಹೊಸ ಹಂಬಲ ಹುಟ್ಟಿದೆ. ಇದರಿಂದ ಮೊದಲು ಪೇಚಿಗೆ ಸಿಕ್ಕವರು ಸಂಬಂಧ ಕುದುರಿಸುವ ಹಿರಿಯರು.

‘ಹುಡುಗ ಏನ್ ಮಾಡ್ತಾನ್ರಿ?’

‘ಬಿಸಿನೆಸ್ ಅನಾಲಿಸ್ಟ್ ಅದಾನ್ರಿ.’

‘ಬಿಸಿನೆಸ್ಸಾ? ಅಂಗಡಿ ಸ್ವಂತದ್ದೋ, ಬಾಡಗೀದೋ?’

‘ಅಂಗಡಿ ಇಲ್ರಿ ಕಾಕಾ. ಮಂದಿ ಬಿಸಿನೆಸ್ ಹೆಂಗ ನಡದೈತಿ ಅಂತ ನೋಡ್ತಾನ.’

‘ಅದಕ್ಕ ಪಗಾರ ಬ್ಯಾರೆ ಕೊಡ್ತಾರಾ? ನಮ್ಮೂರಾಗ ಕಟ್ಟೀ ಮ್ಯಾಲ ಕುಂತವ್ರು ಪುಕ್ಕಟ ನೋಡ್ತಾರಲ್ಲೋ!’

ನಗಬೇಡಿ. ಆ ಕೆಲಸದ ಅರ್ಧ ವ್ಯಾಖ್ಯೆ ಕಾಕಾನ ಬಾಯಲ್ಲೇ ಬಂದುಹೋಯಿತು. ಉಳಿದರ್ಧ ಇಷ್ಟೇ: ಕಟ್ಟೆಯವರು ನೋಡಿ ಆಡಿಕೊಳ್ಳುತ್ತಾರೆ, ಅನಾಲಿಸ್ಟ್ ನೋಡಿ ಬರೆದಿಡುತ್ತಾನೆ, ಎಲ್ಲಿ ಕೆಲಸ ತಡೆಯುತ್ತದೆ, ಎಲ್ಲಿ ಸೋರುತ್ತದೆ ಎಂದು ಗುರುತಿಸಿ, ಕಂಪ್ಯೂಟರಿನವರಿಗೂ ಧಂದೆಯವರಿಗೂ ಮಾತು ಹೊಂದಿಸಿಕೊಡುತ್ತಾನೆ.

ಈ ವಿದ್ಯೆ ಕಲಿಯಲು ಹುಡುಗರು ಮೊಬೈಲಿನಲ್ಲಿ ಕೋರ್ಸು ಕೊಳ್ಳುತ್ತಾರೆ. ಅಲ್ಲಿ ಡೇಟಾ, ಪ್ರೊಸೆಸ್, ಸ್ಟೇಕ್‌ಹೋಲ್ಡರ್, ರಿಕ್ವೈರ್‌ಮೆಂಟ್ ಎಂದು ಪಾಠ ಸಾಗುತ್ತದೆ. ಉದಾಹರಣೆ ಮಾತ್ರ ಯಾವುದೋ ಅಮೆರಿಕದ ಪಿಜ್ಜಾ ಅಂಗಡಿಯದು. ಇತ್ತ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಕಂಪನಿಯ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿಗೆ ದೂಧಗಂಗಾ ಕೃಷ್ಣಾ, ನಿಪ್ಪಾಣಿಗೆ ಹಾಲಸಿದ್ಧನಾಥ, ಅಥಣಿಗೆ ಕೃಷ್ಣಾ ಎಂದು ಸಹಕಾರಿ ಕಾರ್ಖಾನೆಗಳಿವೆ. ಚಿಮಣಿ ಕಾಣುವ ಮಾಳಿಗೆಯ ಮೇಲೆ ಕುಳಿತು ಪಿಜ್ಜಾದ ಪ್ರೊಸೆಸ್ ಉರುಹೊಡೆಯುವುದೆಂದರೆ ನನಗೇನೋ ಹೊಟ್ಟೆ ಉರಿಯುತ್ತದೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಒಂದು ರಾತ್ರಿ ಕಾರ್ಖಾನೆಯ ಯಾರ್ಡಿಗೆ ಹೋಗಿ ನೋಡಿ. ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದರಲ್ಲಿ ಮರಾಠಿ ಹಾಡು, ಇನ್ನೊಂದರಲ್ಲಿ ಉತ್ತರ ಕರ್ನಾಟಕದ ಡಿಜೆ ಜಾನಪದ, ಎರಡೂ ಒಂದೇ ಎತ್ತರದಲ್ಲಿ. ಪಾಳಿ ಬಂದಾಗ ಟ್ರ್ಯಾಕ್ಟರು ಕಾಟಾ ಏರುತ್ತದೆ. ಮೊದಲು ಕಬ್ಬಿನ ಸಮೇತ ತೂಕ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ಗಾಡಿಯ ತೂಕ. ಕಳೆದರೆ ನಿಮ್ಮ ಕಬ್ಬು. ಡ್ರೈವರ್ ಅಂಗಿಯ ಕಿಸೆಗೆ ಒಂದು ಚೀಟಿ ಬೀಳುತ್ತದೆ. ರೈತನ ಕೋಡು, ಗಾಡಿ ನಂಬರು, ಕಟಾವು ಗ್ಯಾಂಗು, ನಾಟಿ ಕಬ್ಬೋ ಕುಳೆ ಕಬ್ಬೋ, ತಳಿ ಯಾವುದು, ಬಂದ ಹೊತ್ತು, ತೂಕ, ಎಲ್ಲ ಅದರಲ್ಲಿ. ತಳಿಗೆ ನಮ್ಮ ರೈತರು ಹೆಸರಿಡುವ ಗೋಜಿಗೆ ಹೋಗಿಲ್ಲ, ‘86032 ಹಚ್ಚೇನಿ’ ಅನ್ನುತ್ತಾರೆ. ಡೇಟಾಬೇಸಿನ ಕೋಡನ್ನು ಇಷ್ಟು ಸಲೀಸಾಗಿ ಬಾಯಲ್ಲಾಡಿಸುವ ಜನ ಬೇರೆಲ್ಲೂ ಸಿಗಲಿಕ್ಕಿಲ್ಲ.

ಆ ಚೀಟಿಗೆ ಎಷ್ಟು ಕಣ್ಣು ಎಣಿಸಿ. ರೈತ ಬಿಲ್ಲಿಗಾಗಿ ನೋಡುತ್ತಾನೆ, ಗ್ಯಾಂಗಿನ ಮುಕಾದಮ ಕಟಾವಿನ ಕೂಲಿಗಾಗಿ, ಗಾಡಿಯ ಮಾಲೀಕ ಬಾಡಿಗೆಗಾಗಿ. ಸೊಸೈಟಿಯವರಿಗೆ ಸಾಲದ ಕಂತು ಮುರಿದುಕೊಳ್ಳಬೇಕು. ಕಾರ್ಖಾನೆಯ ಕಬ್ಬು ವಿಭಾಗಕ್ಕೆ ನಾಳೆ ಯಾರ ಹೊಲಕ್ಕೆ ಗ್ಯಾಂಗು ಕಳಿಸಬೇಕೆಂಬ ಚಿಂತೆ. ಇವರೇ ಕೋರ್ಸಿನವರು ಹೇಳುವ ಸ್ಟೇಕ್‌ಹೋಲ್ಡರುಗಳು. ಒಂದು ಚೀಟಿಯ ಅಂಕಿಯನ್ನು ಇವರೆಲ್ಲರ ಲೆಕ್ಕಕ್ಕೂ ತಾನೇ ಹಂಚುವ ಏರ್ಪಾಟಿಗೆ ಇಆರ್‌ಪಿ ಎನ್ನುತ್ತಾರೆ.

ಹದಿನೆಂಟು ಟನ್ ಎಂದು ಚೀಟಿಯಲ್ಲಿದ್ದರೆ ಅದು ಡೇಟಾ. ಹೋದ ವರ್ಷ ಅದೇ ಪ್ಲಾಟು ಇಪ್ಪತ್ತೆರಡು ಕೊಟ್ಟಿತ್ತು ಎಂದು ಪಕ್ಕಕ್ಕಿಟ್ಟು ನೋಡಿದರೆ ಅದು ಮಾಹಿತಿ. ಕಾಲುವೆ ನೀರು ಕೈಕೊಟ್ಟಿತೋ, ಕಡಿದ ಕಬ್ಬು ಯಾರ್ಡಿನಲ್ಲೇ ಒಣಗಿತೋ, ಕಾಟಾ ನುಂಗಿತೋ ಎಂದು ಕೇಳತೊಡಗಿದಿರೋ, ಅಲ್ಲಿಂದ ವಿಶ್ಲೇಷಣೆ ಶುರು, ಜಗಳವೂ ಅಲ್ಲಿಂದಲೇ. ಕಾರ್ಖಾನೆಯ ಹೊರಗೆ ಸರಕಾರದ್ದೇ ಕಾಟಾ ಕೂಡಿಸಿ ಎಂದು ರೈತರು ಕೇಳುತ್ತ ಬಂದಿರುವುದು ಸುಮ್ಮನೆ ಅಲ್ಲ. ಕಾಟಾ ತಪ್ಪಿದರೆ ಸಾಫ್ಟ್‌ವೇರ್ ಆ ತಪ್ಪನ್ನೇ ಪೈಸೆ ಬಿಡದೆ ಗುಣಿಸಿ, ಅಂದವಾಗಿ ಮುದ್ರಿಸಿ ಕೊಡುತ್ತದೆ.

ಇನ್ನು ಬಿಲ್ಲು. 2025-26ರ ಹಂಗಾಮಿಗೆ ಕೇಂದ್ರ ಸರಕಾರದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಕ್ವಿಂಟಲಿಗೆ 355 ರೂಪಾಯಿ, ಅದೂ ಶೇ 10.25 ಸಕ್ಕರೆ ಇಳುವರಿಗೆ. ಅದರ ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು. ಇಳುವರಿ ಎಂದರೆ ಇಡೀ ಕಾರ್ಖಾನೆಯ ಸರಾಸರಿ. ನಿಮ್ಮ ಕಬ್ಬು ಜೇನಿನಂತಿದ್ದರೂ ಮಗ್ಗುಲ ಹೊಲದ ಸಪ್ಪೆ ಕಬ್ಬಿನ ಜೊತೆಗೇ ಲೆಕ್ಕ. ಕಟಾವು, ಸಾಗಣೆ ಖರ್ಚು ಎಫ್‌ಆರ್‌ಪಿಯಲ್ಲೇ ಮುರಿಯುತ್ತದೆ. ಕಬ್ಬು ಹಾಕಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಅನಾಲಿಸ್ಟರು ಯಾವ ಕೆಲಸಕ್ಕೂ ಎರಡು ನಕ್ಷೆ ಬರೆಯುತ್ತಾರೆ: ಈಗ ಹೇಗಿದೆ, ಮುಂದೆ ಹೇಗಿರಬೇಕು. 14 ದಿನ ಎಂಬುದು ಎರಡನೆಯ ನಕ್ಷೆ. ಮೊದಲನೆಯದು ಬೇಕಿದ್ದರೆ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಪಾಳಿಯಲ್ಲಿ ನಿಂತವರನ್ನು ಕೇಳಿ. 2025ರ ನವೆಂಬರಿನಲ್ಲಿ ಕಟಾವು, ಸಾಗಣೆ ಖರ್ಚು ಬಿಟ್ಟು ಟನ್ನಿಗೆ 3500 ಕೊಡಿ ಎಂದು ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತ ರೈತರಿಗೆ ಈ ಎರಡು ನಕ್ಷೆಗಳ ಅಂತರ ಯಾವ ಕೋರ್ಸಿಲ್ಲದೆಯೂ ಬಾಯಿಪಾಠವಾಗಿತ್ತು. ಕೊನೆಗೆ 3300ಕ್ಕೆ ಮಾತು ಮುಗಿಯಿತು.

ಎಲ್ಲ ವ್ಯವಸ್ಥೆಯೂ ತಿಳಿಸಲಿಕ್ಕೇ ಹುಟ್ಟಿದ್ದಲ್ಲ, ಮುಚ್ಚಿಡಲಿಕ್ಕೆ ಹುಟ್ಟಿದವೂ ಇವೆ. ನಮ್ಮ ದನದ ಪೇಟೆಗಳಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾನೆ. ಸುತ್ತ ಮಂದಿ ನೆರೆದಿದ್ದರೂ ಬೆಲೆ ಗೊತ್ತಾಗುವುದು ಇಬ್ಬರಿಗೆ. ಎತ್ತಿಗಂತೂ ಯಾರೂ ಹೇಳುವುದಿಲ್ಲ. ನಿಪ್ಪಾಣಿಯ ತಂಬಾಕು ಪೇಟೆಯಲ್ಲೂ ರೇಟಿನ ಗುಟ್ಟು ವ್ಯಾಪಾರಿಯ ಕೈಯಲ್ಲೇ ಇತ್ತು. ಬೆಳೆದವನಿಗೆ ತನ್ನ ತಂಬಾಕಿನ ದರ್ಜೆ, ದರ ಎರಡೂ ಇನ್ನೊಬ್ಬರ ಬಾಯಿಂದ ತಿಳಿಯಬೇಕು. 1981ರಲ್ಲಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿ ತಡೆದು ಕುಳಿತರು, ಗೋಲಿಬಾರ್ ಆಗಿ ರೈತರು ಸತ್ತರು. ದರ ಯಾರು ಗೊತ್ತು ಮಾಡಬೇಕು ಎಂಬ ಪ್ರಶ್ನೆಗೆ ನಿಪ್ಪಾಣಿ ತೆತ್ತ ಬೆಲೆ ಅದು.

ಇದಕ್ಕೆ ತದ್ವಿರುದ್ಧವಾದದ್ದು ಸರಕಾರದ ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗ್ರಾಮ ಲೆಕ್ಕಿಗರ ದಪ್ತರದಿಂದ ಕಂಪ್ಯೂಟರಿಗೆ ಇಳಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಬೇರೆ. 15 ರೂಪಾಯಿ ಕೊಟ್ಟು ಕಿಟಕಿಯ ಮುಂದೆ ನಿಂತ ರೈತನಿಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು. ಒಳಗಿನವನು ಒತ್ತುವುದೆಲ್ಲ ಹೊರಗಿನವನಿಗೆ ಕಾಣುತ್ತಿತ್ತು. ಖಾತೆ ಬದಲಾವಣೆಯ ಅರ್ಜಿ ಬಂದ ಪಾಳಿಯಂತೆಯೇ ಹೋಗಬೇಕು, ನಡುವೆ ನುಗ್ಗಿಸಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ಆ ಎರಡನೆಯ ಪರದೆ ಬೇಕೆಂದು ಯೋಚಿಸಿದವರು ಯಾರೋ, ಅವರು ಅಸಲಿ ಅನಾಲಿಸ್ಟ್.

ನಮ್ಮ ಮಹಾರಾಷ್ಟ್ರದ ಗಡಿಯಲ್ಲಿ ಇನ್ನೊಂದು ಫಜೀತಿ ಇದೆ. ಕಾಗವಾಡದ ಕಡೆ ಒಂದು ಹೊಲ, ಮೀರಜ ಕಡೆ ಇನ್ನೊಂದು ಎನ್ನುವ ಮನೆತನಗಳುಂಟು. ಇಲ್ಲಿನ ಪಹಣಿಗೆ ಉತಾರ, ಅಲ್ಲಿನದಕ್ಕೆ ಸಾತಬಾರಾ ಎನ್ನುತ್ತಾರೆ. ಉತಾರದಲ್ಲಿ ಎಕರೆ-ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಸಾತಬಾರಾದಲ್ಲಿ ಹೆಕ್ಟೇರ್-ಆರ್, ನೂರು ಆರ್‌ಗೆ ಒಂದು ಹೆಕ್ಟೇರ್. ಎರಡೂ ಕಾಗದದಲ್ಲಿ ‘1-20’ ಎಂದೇ ಬರೆದಿರಬಹುದು. ಇಲ್ಲಿ ಅದು ಒಂದೂವರೆ ಎಕರೆ, ಅಲ್ಲಿ ಹೆಚ್ಚುಕಡಿಮೆ ಮೂರು ಎಕರೆ. ಸಾತಬಾರಾದ ಅಂಕಿಯನ್ನು ಎಕರೆಯ ಕಾಲಮ್ಮಿನಲ್ಲಿ ಟೈಪು ಮಾಡಿದರೆ ಅರ್ಧ ಹೊಲ ಮಾಯ. ದಾಯಾದಿ ಭಾವಕಿಯವರೂ ಬದು ಒತ್ತಿಲ್ಲ, ಕೋರ್ಟಿಗೂ ಹೋಗಿಲ್ಲ! ಯಾವ ಕಾಲಮ್ಮಿನಲ್ಲಿ ಯಾವ ಅಳತೆ ಎಂದು ಮೊದಲೇ ಬರೆದಿಡುವ ಪಟ್ಟಿಗೆ ಡೇಟಾ ಡಿಕ್ಷನರಿ ಎಂಬ ದೊಡ್ಡ ಹೆಸರಿದೆ. ಕೋರ್ಸಿನಲ್ಲಿ ಎಲ್ಲರೂ ನಿದ್ದೆ ಮಾಡುವ ಪಾಠ ಅದು.

ಕೇಳುವ ಕಲೆ ಬೇಕೆಂದರೆ ಅಥಣಿಗೆ ಹೋಗಬೇಕು. ಅಲ್ಲಿ ಚಪ್ಪಲಿ ಹೊಲಿಯುವ ಹಿರಿಯರು ಕಾಗದದ ಮೇಲೆ ನಿಮ್ಮ ಪಾದ ಇಡಿಸಿ ಗೆರೆ ಎಳೆದುಕೊಳ್ಳುತ್ತಾರೆ, ಅಳತೆ ಮುಗಿಯಿತು. ಆಮೇಲೆ ತಲೆ ಎತ್ತಿ, ‘ಹೊಲಕ್ಕ ಬೇಕೋ, ಲಗ್ನಕ್ಕ ಬೇಕೋ? ಕರಕರ ಅನ್ಬೇಕೋ, ಬ್ಯಾಡೋ?’ ಎಂದು ಕೇಳುತ್ತಾರೆ. ಗಿರಾಕಿಗೆ ತನಗೇನು ಬೇಕೆಂಬುದು ಗೊತ್ತಾಗುವುದೇ ಆಗ. ರಿಕ್ವೈರ್‌ಮೆಂಟ್ ಬಗ್ಗೆ ಪುಟಗಟ್ಟಲೆ ಬರೆದವರು ಇದಕ್ಕಿಂತ ಹೆಚ್ಚೇನೂ ಹೇಳಿಲ್ಲ. ಅವರು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳನ್ನು ಸೇರಿಸಿ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಬಂತು, ಅಥಣಿ ಇರುವ ಬೆಳಗಾವಿ ಅವುಗಳಲ್ಲೊಂದು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದೇ ಚಪ್ಪಲಿ ಮೆರೆಸಿತು. ಮೂಲದ ಹೆಸರೇ ಇಲ್ಲವಲ್ಲ ಎಂದು ಗದ್ದಲವಾದ ಮೇಲೆ, ಭಾರತದ ಕುಶಲಕರ್ಮಿಗಳ ಕೆಲಸವೇ ಸ್ಫೂರ್ತಿ ಎಂದು ಒಪ್ಪಿಕೊಂಡಿತು. ಅಷ್ಟು ದೊಡ್ಡ ಕಂಪನಿಯ ದಾಖಲೆಯಲ್ಲೂ ಒಂದು ಕಾಲಮ್ ಖಾಲಿ ಉಳಿದಿತ್ತು ಎಂದಾಯಿತು.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಕೋರ್ಸು ಮಾಡಿ, ಬೇಡ ಅನ್ನುವುದಿಲ್ಲ. ಸರ್ಟಿಫಿಕೇಟು ಇಲ್ಲದೆ ಒಳಗೆ ಬಿಡುವುದಿಲ್ಲ ಈಗಿನ ಕಂಪನಿಗಳು. ಆದರೆ ಯಾವ ಕಂಪನಿಯ ಯಾವ ಸಾಫ್ಟ್‌ವೇರ್ ಎದುರಿಗೆ ಬಂದರೂ ಈ ಮೂರನ್ನು ಕೇಳದೆ ಮುಂದೆ ಹೋಗಬೇಡಿ: ಇದನ್ನು ಬರೆದವರು ಯಾರು? ಓದುವವರು ಯಾರು? ಯಾರ ಲೆಕ್ಕವೋ ಅವರಿಗೇ ಇದು ಕಾಣುತ್ತದೆಯೋ ಇಲ್ಲವೋ? ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದು ಬಂದರೆ, ಆ ವ್ಯವಸ್ಥೆಗೆ ಎಷ್ಟು ಕೋಟಿ ಸುರಿದಿದ್ದರೂ ಅದು ಟವೆಲ್ಲಿನ ಕೆಳಗಿನ ವ್ಯಾಪಾರವೇ.