ವರ್ಡ್‌ಪ್ರೆಸ್ ಪ್ರತಿಷ್ಠಾಪನೆ ಮತ್ತು ಜೀರ್ಣೋದ್ಧಾರ: ಒಂದು ಶಾಸನಶಾಸ್ತ್ರೀಯ ಅಧ್ಯಯನ

ವರ್ಡ್‌ಪ್ರೆಸ್ ಎಂಬ ಪುಟನಿರ್ಮಾಣ ತಂತ್ರಾಂಶದ ಕಾಲನಿರ್ಣಯದಲ್ಲಿ ವಿವಾದವಿಲ್ಲ. ಮೊದಲ ಆವೃತ್ತಿ ಹೊರಬಂದದ್ದು 2003ರ ಮೇ 27ರಂದು. ಕರ್ತೃಗಳು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್. ಮಿಶೆಲ್ ವಾಲ್ಡ್ರಿಗಿ ಬರೆದ ಬಿ2 ಇದರ ಆಕರಕೃತಿ. ಕೃತಿ, ಕರ್ತೃ, ಆಕರ, ತಿಥಿ ನಾಲ್ಕೂ ಹೀಗೆ ಜಗಳವಿಲ್ಲದೆ ದಕ್ಕುವ ಭಾಗ್ಯ ಹಳಗನ್ನಡದ ಎಷ್ಟೋ ಕವಿಗಳಿಗೆ ಇಲ್ಲ.

ಮುಖ್ಯ ಆವೃತ್ತಿಗಳಿಗೆ ಜಾಝ್ ಸಂಗೀತಗಾರರ ಹೆಸರಿಡುವುದು ಈ ಸಂಪ್ರದಾಯದ ರೂಢಿ. 1.0ಕ್ಕೆ ಮೈಲ್ಸ್ ಡೇವಿಸ್, 2.7ಕ್ಕೆ ಕೋಲ್ಟ್ರೇನ್. ಈ ನಾಮಕರಣ ಧಾರವಾಡದಲ್ಲಿ ನಡೆದಿದ್ದರೆ ಮೊದಲನೆಯದಕ್ಕೆ ಮನಸೂರರ ಹೆಸರು ಬೀಳುತ್ತಿತ್ತು, ಕಿರಾಣಾ ಘರಾಣೆಗೆ ಅನ್ಯಾಯವಾಯಿತೆಂದು ಎರಡನೆಯದು ಹೊರಬರುತ್ತಲೇ ಇರಲಿಲ್ಲ. ಆದ್ದರಿಂದ ಜಾಝೇ ಕ್ಷೇಮ.

ವಿದ್ವಾಂಸರು ಬಡಿದಾಡುವುದು ಬೇರೆ ಕಡೆ. ಇದರ ಸ್ಥಾಪನೆಗೆ ‘ಸುಪ್ರಸಿದ್ಧ ಐದು ನಿಮಿಷದ ವಿಧಿ’ ಎಂಬ ಹೆಸರು ಮೂಲಗ್ರಂಥದಲ್ಲೇ ಇದೆ. ಈ ಐದು ನಿಮಿಷ ವಾಚ್ಯಾರ್ಥವೇ, ಲಕ್ಷ್ಯಾರ್ಥವೇ? ವಾಚ್ಯಾರ್ಥವೆಂದೇ ಪೂರ್ವಪಕ್ಷ. ಅವರ ಪ್ರಕಾರ ಡೇಟಾಬೇಸ್ ಸಿದ್ಧವಿರಬೇಕು, ಅದಕ್ಕೊಬ್ಬ ಬಳಕೆದಾರನಿದ್ದು ಅವನಿಗೆ ಅಧಿಕಾರವಿರಬೇಕು, ಪಾಸ್‌ವರ್ಡ್ ನೆನಪಿರಬೇಕು, ಡೊಮೈನ್ ಸರಿಯಾದ ಸರ್ವರ್ ಕಡೆ ತಿರುಗಿರಬೇಕು. ಗಡಿಯಾರ ಶುರುವಾಗುವುದು ಅಲ್ಲಿಂದ. ಸಿದ್ಧಾಂತಿಗಳು ಇದನ್ನು ಒಪ್ಪುವುದಿಲ್ಲ. ಫೋನಿನಲ್ಲಿ ‘ಐದೇ ನಿಮಿಷ, ಮೆಜೆಸ್ಟಿಕ್ ದಾಟಿದೀನಿ’ ಎನ್ನುವವನು ಇನ್ನೂ ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುವುದು ಲೋಕಪ್ರಮಾಣ. ನಮ್ಮ ಒಲವೂ ಸಿದ್ಧಾಂತಿಗಳ ಕಡೆಗೇ.

ಇನ್ನು ಮುಖ್ಯ ಶಾಸನಕ್ಕೆ ಬರೋಣ. ‘ಡಬ್ಲ್ಯುಪಿ-ಕಾನ್ಫಿಗ್-ಸ್ಯಾಂಪಲ್’ ಎಂಬ ಕಡತವನ್ನು ನಕಲು ಮಾಡಿ, ಹೆಸರಿನಿಂದ ‘ಸ್ಯಾಂಪಲ್’ ಕಿತ್ತರೆ ಅದು ಸಜೀವವಾಗುತ್ತದೆ. ರಚನೆಯಲ್ಲಿ ಇದು ನಮ್ಮ ದಾನಶಾಸನಗಳ ಜಾಯಮಾನದ್ದೇ. ಮೊದಲು ಡೇಟಾಬೇಸಿನ ಹೆಸರು, ಒಡೆಯನ ಹೆಸರು, ಅವನ ಗುಟ್ಟು, ಅವನಿರುವ ಊರು. ಊರು ಬಹುತೇಕ ‘ಲೋಕಲ್‌ಹೋಸ್ಟ್’. ಆಮೇಲೆ ಎಂಟು ರಹಸ್ಯವಾಕ್ಯಗಳ ಜಾಗ. ಎಂಟರಲ್ಲೂ ‘ನಿಮ್ಮದೇ ವಿಶಿಷ್ಟ ವಾಕ್ಯವನ್ನು ಇಲ್ಲಿ ಬರೆಯಿರಿ’ ಎಂಬ ಅರ್ಥದ ಇಂಗ್ಲಿಷ್ ಸೂಚನೆ ಇರುತ್ತದೆ. ಅದನ್ನು ಹಾಗೇ ಬಿಟ್ಟು ಮುಂದೆ ಹೋದ ಪ್ರತಿಗಳೂ ಉಂಟು. ಅವನ್ನು ಲಿಪಿಕಾರನ ದೋಷವೆನ್ನದೆ ಸೋಮಾರಿತನವೆಂದೇ ಕರೆಯಬೇಕು. ಕೊನೆಗೆ, ಇಷ್ಟೇ, ಇನ್ನು ತಿದ್ದುವುದನ್ನು ನಿಲ್ಲಿಸಿ ಎಂಬ ಒಕ್ಕಣೆ. ದತ್ತಿಯನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯ ಕೊಂದ ಪಾಪ ಎಂದು ನಮ್ಮ ಶಾಸನಗಳು ಹೆದರಿಸುವ ಜಾಗದಲ್ಲೇ ಈ ಸಾಲು ನಿಂತಿರುವುದು ಕಾಕತಾಳೀಯವಿರಲಾರದು. ಆದರೂ ಅದರ ಕೆಳಗೆ ಬರೆಯುವವರು ಇದ್ದಾರೆ. ಬರೆದದ್ದು ಬಹುತೇಕ ಕೆಲಸಕ್ಕೆ ಬರುವುದಿಲ್ಲ, ಪಾಪ ಮಾತ್ರ ಬರುತ್ತದೆ.

ಈ ಶಾಸನದಲ್ಲಿ ಕಾಣದ ಅಕ್ಷರ ಕಾಣುವ ಅಕ್ಷರಕ್ಕಿಂತ ಅಪಾಯಕಾರಿ. ಪಿಎಚ್‌ಪಿ ಭಾಷೆಯ ಆರಂಭದ ಗುರುತಿಗೂ ಮುಂಚೆ ಒಂದು ಖಾಲಿ ಸಾಲು ಉಳಿದರೆ, ಅಥವಾ ಹಳೆಯ ನೋಟ್‌ಪ್ಯಾಡ್ ತಾನಾಗಿಯೇ ಮೂರು ಅದೃಶ್ಯ ಬೈಟುಗಳನ್ನು ತಲೆಗೆ ಸಿಕ್ಕಿಸಿದರೆ, ಹೆಡರ್‌ಗಳು ಆಗಲೇ ಹೊರಟುಹೋಗಿವೆ ಎಂದು ಪಿಎಚ್‌ಪಿ ಗೊಣಗುತ್ತದೆ. ಲಾಗಿನ್ ಆಗಲು ಹೋದವನು ಬಾಗಿಲಲ್ಲೇ ನಿಲ್ಲುತ್ತಾನೆ. ಶೂನ್ಯದಿಂದ ದೋಷ ಹುಟ್ಟುವ ಈ ಪ್ರಕರಣವನ್ನು ನಮ್ಮ ತಾರ್ಕಿಕರು ಗಮನಿಸಬೇಕು.

ಕನ್ನಡಿಗರಿಗೆ ಮೀಸಲಾದ ಕಷ್ಟ ಇನ್ನೊಂದಿದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಹಳೆಯ ಡೇಟಾಬೇಸ್ ತಾನು ಲ್ಯಾಟಿನ್ ಲಿಪಿಯದೆಂದು ನಂಬಿಕೊಂಡಿದ್ದರೆ ಆ ಮೂರನ್ನೂ ಬಿಡಿಬಿಡಿಯಾಗಿ ಓದುತ್ತದೆ. ಸರ್ವರ್ ಬದಲಾಯಿಸಿದ ಮಾರನೆಯ ದಿನ ‘ಕ’ ಇದ್ದ ಕಡೆ ನೆತ್ತಿಗೆ ಓರೆಗೀಟು ಹೊತ್ತ ರೋಮನ್ ‘ಎ’, ಪಕ್ಕದಲ್ಲಿ ಮೇಲಕ್ಕೆ ಹತ್ತಿಕೊಂಡ ಪುಟ್ಟ 2, ಅದರಾಚೆ ದಪ್ಪ ಚುಕ್ಕಿ ಕಾಣಿಸಿದರೆ ಕಂಗಾಲಾಗಬೇಡಿ. ಪಠ್ಯ ಒಳಗೆ ಕ್ಷೇಮವಾಗಿರುವ ಸಂಭವವಿದೆ, ಓದುವ ಕ್ರಮ ತಪ್ಪಿದೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳೇ ಡೇಟಾಬೇಸಿನಲ್ಲಿ ಕೂತಿದ್ದರೆ ಮಾತ್ರ ಮೂಲಪಾಠ ನಷ್ಟವಾಗಿದೆ. ಯಾವ ಗ್ರಂಥಸಂಪಾದಕನೂ ಅದನ್ನು ಪುನಾರಚಿಸಲಾರ. 4.2ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ನಾಲ್ಕು ಬೈಟಿನ ಸಂಕೇತಗಳನ್ನೂ ಹಿಡಿಸಿಕೊಂಡಿತು. ಅದರಿಂದ ಎಮೋಜಿಗಳ ಬಾಳು ಹಸನಾಯಿತು.

ಜೀರ್ಣೋದ್ಧಾರದಲ್ಲಿ, ಎಂದರೆ ಅಪ್‌ಗ್ರೇಡಿನಲ್ಲಿ, ಎರಡು ಪಂಥ. ಪ್ರಾಚೀನರು ಎಫ್‌ಟಿಪಿ ಮಾರ್ಗದವರು. ಪ್ಲಗಿನ್‌ಗಳನ್ನೆಲ್ಲ ಮಲಗಿಸಿ, ‘ಅಡ್ಮಿನ್’ ಮತ್ತು ‘ಇನ್‌ಕ್ಲೂಡ್ಸ್’ ಎಂಬ ಎರಡು ಫೋಲ್ಡರುಗಳನ್ನು ಅಳಿಸಿ, ಹೊಸವನ್ನು ಕೂರಿಸುತ್ತಾರೆ. ಮೂರನೆಯದಾದ ‘ಕಂಟೆಂಟ್’ ಗರ್ಭಗುಡಿ. ಥೀಮ್, ಪ್ಲಗಿನ್, ಏರಿಸಿದ ಚಿತ್ರಗಳೆಲ್ಲ ಅಲ್ಲೇ ಇರುವುದರಿಂದ ಅದನ್ನು ಅಳಿಸಕೂಡದು. ನಿದ್ದೆಗಣ್ಣಿನಲ್ಲಿ ಮೂರನ್ನೂ ಆರಿಸಿ ಡಿಲೀಟ್ ಒತ್ತಿದವರ ಇತಿಹಾಸ ಬರೆಯಲು ಪ್ರತ್ಯೇಕ ಸಂಪುಟ ಬೇಕು. ನವ್ಯರು 2008ರ ಕೊನೆಗೆ ಬಂದ ಆ ಕೋಲ್ಟ್ರೇನ್ ಆವೃತ್ತಿಯ ಅನುಯಾಯಿಗಳು. ಒಂದೇ ಗುಂಡಿ ಒತ್ತಿ ಕಾಫಿಗೆ ಹೋಗುತ್ತಾರೆ. 2013ರಲ್ಲಿ 3.7 ಬಂದ ಮೇಲೆ ಸಣ್ಣಪುಟ್ಟ ಭದ್ರತಾ ತೇಪೆಗಳಿಗೆ ಗುಂಡಿಯೂ ಬೇಡವಾಯಿತು, ಕಾಫಿ ಮಾತ್ರ ಉಳಿಯಿತು.

ಗುಂಡಿ ಒತ್ತಿದಾಗ ಮೂಲ ಫೋಲ್ಡರಿನಲ್ಲಿ ‘.ಮೇಂಟೆನೆನ್ಸ್’ ಎಂಬ ಕಡತ ಹುಟ್ಟಿ, ಬಂದವರಿಗೆಲ್ಲ ಒಂದು ನಿಮಿಷ ಬಿಟ್ಟು ಬನ್ನಿ ಎನ್ನುತ್ತದೆ. ಕೆಲಸ ಮುಗಿದರೆ ತಾನೇ ಅಳಿಯುತ್ತದೆ. ನಡುವೆ ಕರೆಂಟು ಹೋದರೆ, ಸರ್ವರ್ ಮುಗ್ಗರಿಸಿದರೆ ಅಲ್ಲೇ ಕೂರುತ್ತದೆ. ಹತ್ತು ನಿಮಿಷವಾದರೆ ತಂತ್ರಾಂಶವೇ ಅದನ್ನು ಲೆಕ್ಕಕ್ಕಿಡುವುದಿಲ್ಲ. ಅಷ್ಟು ತಾಳ್ಮೆಯಿಲ್ಲದವರು ಹೋಗಿ ಅಳಿಸಬಹುದು. ಆದರೆ ಹೆಸರು ಚುಕ್ಕಿಯಿಂದ ಶುರುವಾಗುವ ಕಡತ ಮಾಮೂಲಾಗಿ ಕಣ್ಣಿಗೆ ಬೀಳುವುದಿಲ್ಲ, ಮರೆಯಾದ ಕಡತಗಳನ್ನು ತೋರಿಸೆಂದು ಕೇಳಬೇಕು. ಅಳಿಸಿದ ಮೇಲೆ ಪುಟ ಬಂತೆಂದು ಸುಮ್ಮನಾಗಬಾರದು, ಅರ್ಧಕ್ಕೆ ನಿಂತ ಅಪ್‌ಗ್ರೇಡನ್ನು ಮತ್ತೆ ನಡೆಸಬೇಕು.

2018ರ 5.0 ಆವೃತ್ತಿ ಬರೆಯುವ ಜಾಗವನ್ನೇ ಇಟ್ಟಿಗೆ ಇಟ್ಟಿಗೆಯಾಗಿ ಒಡೆದಾಗ ಹಳಬರು ‘ಕ್ಲಾಸಿಕ್ ಎಡಿಟರ್’ ಪ್ಲಗಿನ್ ಹಾಕಿಕೊಂಡು ಪೂರ್ವಾಚಾರಕ್ಕೆ ಮರಳಿದರು. ಆ ಮಠದಲ್ಲಿ ಇಂದಿಗೂ ಭಕ್ತರಿಗೆ ಬರವಿಲ್ಲ.

ಅಪ್‌ಡೇಟ್ ಗುಂಡಿ ಒತ್ತುವ ಮುನ್ನ ಸಂಶೋಧಕರಲ್ಲಿ ಒಂದು ವಿನಂತಿ. ಬರಹಗಳಿರುವುದು ಡೇಟಾಬೇಸಿನಲ್ಲಿ, ಚಿತ್ರಗಳಿರುವುದು ಫೋಲ್ಡರಿನಲ್ಲಿ. ಒಂದನ್ನಷ್ಟೇ ಇಳಿಸಿಕೊಂಡು ಬ್ಯಾಕಪ್ ಆಯಿತೆಂದು ಬಗೆಯಬೇಡಿ. ಎರಡನ್ನೂ ಇಳಿಸಿಕೊಳ್ಳಿ, ಸರ್ವರ್ ಬಿಟ್ಟು ಬೇರೆ ಕಡೆ ಇಡಿ, ಒಮ್ಮೆ ಬಿಚ್ಚಿ ನೋಡಿ. ಹೋಸ್ಟಿಂಗ್‌ನವರು ಹೇಗೂ ಇಟ್ಟಿರುತ್ತಾರೆ ಎಂಬ ವಾದಕ್ಕೆ ಪ್ರಸ್ತುತ ಅಧ್ಯಯನದಲ್ಲಿ ಯಾವ ಆಧಾರವೂ ದೊರೆತಿಲ್ಲ.