ಟ್ಯೂನಿಂಗ್ ಉಸ್ತಾದ್

ಕಂಪನಿ ಕೊಟ್ಟ ಕಾರನ್ನು ಕಂಪನಿ ಕೊಟ್ಟಂತೆಯೇ ಓಡಿಸುವುದು ಅವಮಾನ ಎಂದು ನಂಬಿದ ಗಿರಾಕಿಗಳು ಸಾಕಷ್ಟಿರುವ ಊರಿನಲ್ಲಿ ಟ್ಯೂನಿಂಗ್ ಉಸ್ತಾದ್ ಹುಟ್ಟಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಅವನ ತವರು ಜೆ.ಸಿ. ರಸ್ತೆ. ಟೌನ್‌ಹಾಲಿನಿಂದ ಮಿನರ್ವಾ ವೃತ್ತದವರೆಗಿನ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಸೀಟ್ ಕವರ್ ಹೊಲಿಯುವ ಹುಡುಗನಾಗಿ ಸೇರಿ, ಹಾರ್ನ್, ಸ್ಟೀರಿಯೊ, ಅಲಾಯ್ ವೀಲ್ ಎಂಬ ಮೆಟ್ಟಿಲುಗಳನ್ನು ಹತ್ತಿ, ಕೊನೆಗೆ ಲ್ಯಾಪ್‌ಟಾಪ್ ಹಿಡಿಯುತ್ತಾನೆ. ಇನ್ನೊಂದು ತಳಿ ಎಂಜಿನಿಯರಿಂಗ್ ಕಾಲೇಜಿನಿಂದ ಬಂದದ್ದು. ಅದು ಲ್ಯಾಪ್‌ಟಾಪಿನಿಂದ ಹೊರಟು ಸ್ಪ್ಯಾನರಿನ ಕಡೆಗೆ ಬರುತ್ತದೆ; ಎಷ್ಟೋ ಸಲ ಬಂದು ತಲುಪುವುದಿಲ್ಲ. ಯಾವ ತಳಿಯಾದರೂ ನಾಲ್ಕು ಕಾಸು ಕಂಡೊಡನೆ ಗ್ಯಾರೇಜು ಊರಾಚೆಯ ಶೆಡ್ಡಿಗೆ ಹೋಗಿ ‘ಸ್ಟುಡಿಯೊ’ ಆಗುತ್ತದೆ, ನೆಲಕ್ಕೆ ಹೊಳೆಯುವ ಎಪಾಕ್ಸಿ ಬೀಳುತ್ತದೆ, ಮಜೂರಿ ಮೂರು ಪಟ್ಟಾಗುತ್ತದೆ.

ಕಸುಬಿನ ವಂಶಾವಳಿ ಮಾತ್ರ ದೊಡ್ಡದು. ಮರ್ಸಿಡಿಸ್ ಕಾರುಗಳನ್ನು ರೇಸಿಗೆ ಅಣಿಗೊಳಿಸಲು ಜರ್ಮನಿಯ ಇಬ್ಬರು ಎಂಜಿನಿಯರುಗಳು 1967ರಲ್ಲಿ ತೆರೆದ ಪುಟ್ಟ ಕಾರ್ಯಾಗಾರವೇ ಎಎಂಜಿ. ಅವರು ತಿದ್ದಿದ ದಢೂತಿ ಸೆಡಾನ್ 1971ರ ಸ್ಪಾ 24 ಗಂಟೆಗಳ ಓಟದಲ್ಲಿ ಎರಡನೆಯದಾಗಿ ಬಂದು ಎಲ್ಲರ ಬಾಯಿ ಮುಚ್ಚಿಸಿತು. ನಮ್ಮಲ್ಲೂ ಚೆನ್ನೈ ಹತ್ತಿರದ ಶೋಳವರಂನ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಿಂದ ಕೈಯಾರೆ ಎಂಜಿನ್ ಬಿಚ್ಚಿ ಕಟ್ಟಿದವರಿದ್ದಾರೆ. ಮಾರುತಿ ಎಂಜಿನ್ ಇಟ್ಟು ರೇಸ್ ಕಾರು ರೂಪಿಸಿದ ಕೊಯಮತ್ತೂರಿನ ಕರಿವರ್ಧನ್ ಅವರ ಹೆಸರಿನಲ್ಲಿ ಇಂದಿಗೂ ಒಂದು ರೇಸ್ ಟ್ರ್ಯಾಕ್ ಇದೆ. ಉಸ್ತಾದ್ ಈ ಪರಂಪರೆಯನ್ನು ಪೋಸ್ಟರುಗಳ ರೂಪದಲ್ಲಿ ಗೋಡೆಗೆ ಅಂಟಿಸಿಕೊಂಡಿರುತ್ತಾನೆ. ಆ ಪರಂಪರೆಯ ಮುಖ್ಯ ಆಯುಧವಾದ, ಬೋಲ್ಟನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಕೂಡ ಅವನಲ್ಲಿದೆ. ಅದು ಗಾಜಿನ ಬೀರುವಿನಲ್ಲಿದೆ, ಬೀರುವಿನ ಕೀಲಿ ಮನೆಯಲ್ಲಿದೆ.

ಮೊದಲ ಭೇಟಿಯಲ್ಲಿ ಉಸ್ತಾದ್ ಎಂಜಿನ್ ನೋಡುವುದಿಲ್ಲ, ಗಿರಾಕಿಯ ಮುಖ ನೋಡುತ್ತಾನೆ. ಗಿರಾಕಿ ಸಾಮಾನ್ಯವಾಗಿ ಸಾಫ್ಟ್‌ವೇರಿನವನು; ಗಾಡಿ ಪೋಲೊ ಜಿಟಿ ಅಥವಾ ಆಕ್ಟೇವಿಯಾ. ಪೋಲೊ ಜಿಟಿ ಟಿಎಸ್‌ಐನ 1.2 ಲೀಟರ್ ಟರ್ಬೊ ಎಂಜಿನ್‌ಗೆ ಕಂಪನಿ ಕೊಟ್ಟದ್ದು 105 ಅಶ್ವಶಕ್ತಿ, ಗಿರಾಕಿಗೆ ಬೇಕಾದದ್ದು ಪಕ್ಕದ ಮನೆಯವನ ಕಾರಿಗಿಂತ ಹತ್ತು ಹೆಚ್ಚು. ‘ಆಗತ್ತೆ ಸಾರ್’ ಎನ್ನುವುದು ಉಸ್ತಾದನ ಮೊದಲ ಮಾತು. ಏನು, ಎಷ್ಟರಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೂ ಉತ್ತರ ಅದೇ. ಅಡ್ವಾನ್ಸ್ ಕೈಸೇರಿದ ಮೇಲೆ ‘ಸ್ಟೇಜ್ ಒನ್, ಸ್ಟೇಜ್ ಟು’ ಎಂಬ ಉಪದೇಶ ಶುರುವಾಗುತ್ತದೆ. ಸ್ಟೇಜ್ ಒನ್ ಎಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರ ತಿದ್ದುವುದು, ಅಂದರೆ ರೀಮ್ಯಾಪ್. ಸ್ಟೇಜ್ ಟು ಎಂದರೆ ಅದರ ಜೊತೆಗೆ ಗಾಳಿ ಒಳಬರುವ, ಹೊಗೆ ಹೊರಹೋಗುವ ಕೊಳವೆಗಳನ್ನೂ ಬದಲಿಸುವುದು. ಸ್ಟೇಜ್ ತ್ರೀ ತಲುಪುವ ಹೊತ್ತಿಗೆ ಗಿರಾಕಿ ಇನ್ನೊಂದು ಕಾರು ಕೊಳ್ಳುವಷ್ಟು ಸುರಿದಿರುತ್ತಾನೆ.

ರೀಮ್ಯಾಪಿನ ಫೈಲನ್ನು ಉಸ್ತಾದ್ ಬರೆಯುವುದು ಅಪರೂಪ, ತರಿಸಿಕೊಳ್ಳುವುದೇ ರೂಢಿ. ಯುರೋಪಿನಲ್ಲಿ ಕುಳಿತವನು ಅಲ್ಲಿ ಸಿಗುವ 95, 98 ಆಕ್ಟೇನ್ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟು ಫೈಲ್ ಬರೆದಿರುತ್ತಾನೆ. ಗಾಡಿ ಕುಡಿಯುವುದು ತುಮಕೂರು ರಸ್ತೆಯ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲನ್ನು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ತಂದಿತು ನಿಜ, ಆದರೆ ಅದು ಎಲ್ಲ ಬಂಕಿನಲ್ಲಿ ಸಿಗುವುದಿಲ್ಲ, ಸಿಕ್ಕಲ್ಲಿ ದರ ಕೇಳಿದರೆ ಟರ್ಬೊಗಿಂತ ಮೊದಲು ಮಾಲೀಕನಿಗೇ ಏದುಸಿರು ಬರುತ್ತದೆ. ಕಡಿಮೆ ಆಕ್ಟೇನಿನ ಪೆಟ್ರೋಲು ಒತ್ತಡ ಹೆಚ್ಚಾದಾಗ ಹೊತ್ತಿಗೆ ಮೊದಲೇ ಉರಿದು ಎಂಜಿನ್ನಿನಲ್ಲಿ ಕಟಕಟ ಸದ್ದು ಎಬ್ಬಿಸುತ್ತದೆ. ‘ಅದು ಟರ್ಬೊ ಸೌಂಡ್ ಸಾರ್’ ಎಂದು ಉಸ್ತಾದ್ ಸಮಾಧಾನ ಹೇಳುತ್ತಾನೆ.

ಗೇರ್‌ಬಾಕ್ಸಿನ ಮಾತು ಬಂದರೆ ಉಸ್ತಾದ್ ಫೋನ್ ಬಂತೆಂದು ಎದ್ದುಹೋಗುತ್ತಾನೆ. ಈ ಗಾಡಿಗಳಲ್ಲಿರುವ ಡ್ರೈ ಕ್ಲಚ್ಚಿನ 7 ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಡೆಯಬಲ್ಲ ಟಾರ್ಕ್, ಅಂದರೆ ತಿರುಚುಬಲ, 250 ಎನ್‌ಎಂ. ಆಕ್ಟೇವಿಯಾ 1.8 ಎಂಜಿನ್ ಮ್ಯಾನ್ಯುಯಲ್ ಗೇರಿನೊಂದಿಗೆ 320 ಕೊಡುತ್ತಿತ್ತು. ಅದೇ ಎಂಜಿನ್ನಿಗೆ ಈ ಡಿಎಸ್‌ಜಿ ಜೋಡಿಸಿದಾಗ ಕಂಪನಿಯೇ 250ಕ್ಕೆ ಇಳಿಸಿ ಕಟ್ಟಿಹಾಕಿತ್ತು. ಕಂಪನಿಯವರು ಜಿಪುಣತನದಿಂದ ಕಟ್ಟಿಹಾಕಿದ್ದಾರೆಂದು ಉಸ್ತಾದ್ ನಂಬಿದ್ದಾನೆ. ಕಟ್ಟು ಬಿಚ್ಚಿದ ಮೇಲೆ ಕ್ಲಚ್ಚು ಜಾರತೊಡಗಿದರೆ ಅದು ‘ಡಿಎಸ್‌ಜಿ ಪ್ರಾಬ್ಲಂ’, ಊರಿಗೆಲ್ಲ ಗೊತ್ತಿರುವ ವಿಷಯ, ರೀಮ್ಯಾಪಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟೆಲ್ಲ ಹೇಳಿದರೂ ಉಸ್ತಾದ್ ಕೈಲಾಗದವನಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗೆ ಅವನು ಹಾಕಿದ ವೆಲ್ಡಿಂಗ್ ಅಜ್ಜಿ ಪೋಣಿಸಿದ ಮುತ್ತಿನಂತೆ ಸಾಲಾಗಿರುತ್ತದೆ. ಅದರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡಿರುತ್ತಾನೆ. ತೊಂದರೆ ಶುರುವಾಗುವುದು ಆ ಕೊಳವೆಯನ್ನು ಗಾಡಿಗೆ ಕೂರಿಸುವಾಗ. ಫೋಟೊ ತೆಗೆಯುವಂಥ ಕೆಲಸ ಉಸ್ತಾದನದು. ಕ್ಲಾಂಪ್, ಬೋಲ್ಟ್, ಕ್ಲಿಪ್, ವೈರ್, ರಬ್ಬರ್ ಬುಷ್ ಎಂಬ ಉಳಿದ ಲೋಕವೆಲ್ಲ ‘ಹುಡುಗರು’ ನೋಡಿಕೊಳ್ಳಬೇಕಾದ್ದು. ಹುಡುಗರು ಇಬ್ಬರು. ಒಬ್ಬ ಹೋದ ವಾರ ಸೇರಿದವನು, ಇನ್ನೊಬ್ಬ ಮುಂದಿನ ವಾರ ಬಿಡುವವನು.

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ದಾರಿಯಲ್ಲಿ ಇದರ ಫಲ ಕಾಣಬಹುದು. ದೇವನಹಳ್ಳಿ ದಾಟಿ ರಸ್ತೆ ಖಾಲಿಯಾದಲ್ಲಿ ಹೊಸ ಸ್ಟೇಜ್ ಟು ಗಾಡಿಯವನು ಆಕ್ಸಿಲರೇಟರನ್ನು ನೆಲಕ್ಕೆ ಒತ್ತುತ್ತಾನೆ. ಬಾನೆಟ್ಟಿನ ಕೆಳಗೆ ‘ಢಬ್’ ಎಂದು ಒಂದೇ ಸದ್ದು. ಮೀಟರಿನಲ್ಲಿ ಹಳದಿ ದೀಪ. ಗಾಡಿ ಲೂನಾ ವೇಗಕ್ಕೆ ಇಳಿಯುತ್ತದೆ. ಬಾನೆಟ್ ಎತ್ತಿ ನೋಡಿದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕಡುನೀಲಿ ಸಿಲಿಕೋನ್ ಹೋಸ್ ಕಳಚಿ ಜೋತುಬಿದ್ದಿದೆ. ಅದನ್ನು ಹಿಡಿದಿಡಬೇಕಿದ್ದ ಕ್ಲಾಂಪು, ಕೊಳವೆಯ ತುದಿಯ ಏಣು ದಾಟಿ ಕೂರಬೇಕಿದ್ದದ್ದು, ಏಣಿನ ಮೇಲೆಯೇ ಓರೆಯಾಗಿ ಕೂತಿದೆ. ಟರ್ಬೊ ಒತ್ತಡ ತಡೆಯಲು ದಪ್ಪ ಪಟ್ಟಿಯ ಟಿ-ಬೋಲ್ಟ್ ಕ್ಲಾಂಪ್ ಹಾಕಬೇಕು. ಹಾಕಿರುವುದು ಗ್ಯಾಸ್ ಸ್ಟೌವ್ ಪೈಪಿಗೆ ಬಿಗಿಯುವಂಥ ಸ್ಕ್ರೂ ಕ್ಲಿಪ್. ಚಹಾ ಅಂಗಡಿಯವನ ಚಾಕುವಿನ ತುದಿಯಿಂದ ಅದನ್ನು ಮತ್ತೆ ಬಿಗಿದು, ಕಾಲು ಊರದಂತೆ ಮೆತ್ತಗೆ ಗಾಡಿ ನಡೆಸುತ್ತ ಬೆಂಗಳೂರಿಗೆ ವಾಪಸು. ಕ್ಲಾಂಪಿನ ಬೆಲೆ ಕಡಿಮೆ. ಅದು ಬಿಗಿಯಾಗಿದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡುವ ಹತ್ತು ನಿಮಿಷಕ್ಕೆ ಮಾತ್ರ ಈ ಕಸುಬಿನಲ್ಲಿ ಬೆಲೆ ಕಟ್ಟಿದವರಿಲ್ಲ.

ಗಾಳಿಯ ಫಿಲ್ಟರಿನದು ಇನ್ನೊಂದು ಕಥೆ. ಕಂಪನಿ ಇಟ್ಟ ಕಪ್ಪು ಡಬ್ಬಿ ಮುಂಭಾಗದ ಜಾಲರಿಯಿಂದ ತಣ್ಣನೆಯ ಗಾಳಿ ಎಳೆಯುತ್ತಿರುತ್ತದೆ. ಅದನ್ನು ಕಿತ್ತೆಸೆದು ಉಸ್ತಾದ್ ಕೂರಿಸುವ ಕೆಂಪು ಶಂಕುವಿನ ಫಿಲ್ಟರಿಗೆ ‘ಕೋಲ್ಡ್ ಏರ್ ಇಂಟೇಕ್’ ಎಂಬ ಹೆಸರು. ಕೂರಿಸುವುದು ಎಂಜಿನ್ನಿನ ಬಿಸಿ ಉಸಿರಿನ ಮಗ್ಗುಲಲ್ಲಿ. ಬಿಸಿ ಗಾಳಿ ವಿರಳ, ವಿರಳ ಗಾಳಿಯಲ್ಲಿ ಶಕ್ತಿ ಕಡಿಮೆ. ಆದರೆ ಸದ್ದು ಹೆಚ್ಚಾಗುವುದರಿಂದ ಶಕ್ತಿಯೂ ಹೆಚ್ಚಾಯಿತೆಂದು ಮಾಲೀಕನ ಕಿವಿ ಸಾಕ್ಷಿ ನುಡಿಯುತ್ತದೆ. ಫಿಲ್ಟರಿಗೆ ಹುಡುಗರು ಧಾರಾಳವಾಗಿ ಸುರಿದ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ, ಅದು ಆಮೇಲೆ ತಪ್ಪು ಲೆಕ್ಕ ಒಪ್ಪಿಸುತ್ತ ಹೋಗುತ್ತದೆ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಡಿದು ತೆಗೆದಾಗ ಗಾಡಿಯ ಕಂಪ್ಯೂಟರ್ ಪಿ0420 ಎಂಬ ದೂರು ದಾಖಲಿಸಿ ದೀಪ ಹೊತ್ತಿಸುತ್ತದೆ. ಉಸ್ತಾದ್ ದೂರನ್ನು ಪರಿಹರಿಸುವುದಿಲ್ಲ, ದೂರುವ ಬಾಯಿಯನ್ನೇ ಸಾಫ್ಟ್‌ವೇರಿನಲ್ಲಿ ಹೊಲಿದುಬಿಡುತ್ತಾನೆ. ಆಡಳಿತದ ಈ ಕ್ರಮ ಕಾರುಗಳಿಗಷ್ಟೇ ಸೀಮಿತವೆಂದು ಹೇಳಲಾಗದು.

ವೈರಿಂಗ್ ನೋಡಬೇಕಾದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅಧಿಕೃತ ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ಬಿಚ್ಚಿದಾಗ ಮೊದಲು ಸುಮ್ಮನಾಗುತ್ತಾನೆ, ಆಮೇಲೆ ಅಕ್ಕಪಕ್ಕದವರನ್ನು ಕರೆಯುತ್ತಾನೆ. ನೀಲಿ ಬಣ್ಣದಲ್ಲಿ ಹೊರಟ ವೈರು ನಡುವೆ ಕೆಂಪಾಗಿ ಕೊನೆಗೆ ಹಳದಿಯಾಗಿ ಮುಗಿದಿರುತ್ತದೆ. ಬೆಸುಗೆ ಇರಬೇಕಾದಲ್ಲಿ ಹಲ್ಲಿನಿಂದ ಸಿಪ್ಪೆ ಸುಲಿದು ತಿರುಚಿದ ಗಂಟು, ಗಂಟಿನ ಮೇಲೆ ಇನ್ಸುಲೇಷನ್ ಟೇಪು, ಟೇಪಿನ ಅಂಟು ಬಿಸಿಲಿಗೆ ಕರಗಿ ಹೊರಗೆ. ಮೂಲ ಹೆಡ್‌ಲೈಟ್ ಬಲ್ಬು 60 ವ್ಯಾಟಿನದು, ಎರಡೂ ಸೇರಿ ಹತ್ತು ಆಂಪಿಯರ್ ಎಳೆಯುತ್ತವೆ. ಉಸ್ತಾದ್ ಹಾಕಿದ 100 ವ್ಯಾಟಿನ ಜೋಡಿಗೆ ಹೆಚ್ಚುಕಡಿಮೆ 17 ಆಂಪಿಯರ್ ಬೇಕು. ಅದಕ್ಕೆ ಬೇರೆ ರಿಲೇ, ದಪ್ಪ ವೈರು ಹಾಕಬೇಕು. ಹಾಕದಿದ್ದರೆ ಫ್ಯೂಸ್ ಹಾರುತ್ತದೆ. ಹಾರದಂತೆ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸಿಕ್ಕಿಸಿಟ್ಟಿದ್ದರೆ ಕೆಲಸ ಪೂರ್ತಿಯಾಯಿತೆಂದು ತಿಳಿಯಬೇಕು.

ಗಾಡಿ ತಗ್ಗಿಸುವ ಕಲೆಯಲ್ಲಿ ಒಂದು ಸೂಕ್ಷ್ಮವಿದೆ, ಅದು ಬಹುತೇಕ ಶೆಡ್ಡುಗಳಲ್ಲಿ ಲುಪ್ತವಾಗಿದೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಸುತ್ತು ಬಿಗಿಯಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಕೂತಿರುವಾಗ. ಗಾಡಿಯನ್ನು ಲಿಫ್ಟಿನಲ್ಲಿ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ, ಕೆಳಗಿಳಿಸಿದ ಗಳಿಗೆಯಿಂದ ರಬ್ಬರು ತಿರುಚಿಕೊಂಡೇ ಬದುಕಬೇಕಾಗುತ್ತದೆ ಮತ್ತು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಗ ಹಳ್ಳಕ್ಕೆ ಬಿದ್ದಾಗಲೆಲ್ಲ ‘ಟಕ್’ ಎಂಬ ಸದ್ದು. ಚಕ್ರದ್ದೂ ಹೀಗೆಯೇ. ಈ ಗಾಡಿಗಳ ಹಬ್ 57.1 ಮಿಲಿಮೀಟರಿನದು, ತಂದು ಹಾಕುವ ಅಲಾಯ್ ವೀಲಿನ ನಡು ರಂಧ್ರ ಎಷ್ಟೋ ಸಲ 73.1. ನಡುವಿನ ಅಂತರಕ್ಕೆ ಒಂದು ಪ್ಲಾಸ್ಟಿಕ್ ಉಂಗುರ ಕೂರಿಸಬೇಕು. ಆ ಉಂಗುರ ಅಂಗಡಿಯ ಡ್ರಾಯರಿನಲ್ಲೇ ಉಳಿದಿರುತ್ತದೆ. ಗಂಟೆಗೆ 90 ಕಿಲೋಮೀಟರ್ ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ರಸ್ತೆ ಉಬ್ಬಿನ ಎತ್ತರ ಹತ್ತು ಸೆಂಟಿಮೀಟರ್ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದೆ, ಆದರೆ ಅದನ್ನು ಬಡಾವಣೆಯ ಸಂಘದವರು ಓದಿಲ್ಲವಾದ್ದರಿಂದ ತಗ್ಗಿಸಿದ ಗಾಡಿ ಪ್ರತಿ ಉಬ್ಬಿನ ಮೇಲೂ ಹೊಟ್ಟೆ ಉಜ್ಜಿಕೊಂಡು ಇಳಿಯುತ್ತದೆ.

ಈ ಎಲ್ಲ ದೂರುಗಳಿಗೆ ಉಸ್ತಾದನ ಬಳಿ ಮೂರು ಉತ್ತರಗಳಿವೆ. ಸದ್ದಾದರೆ, ‘ಪರ್ಫಾರ್ಮೆನ್ಸ್ ಗಾಡಿ ಅಂದ್ರೆ ಅಷ್ಟು ಇರತ್ತೆ ಸಾರ್.’ ನಡುಗಿದರೆ, ‘ಒಂದು ಸಾವಿರ ಕಿಲೋಮೀಟರ್ ಓಡ್ಲಿ ಸಾರ್, ಸೆಟ್ ಆಗತ್ತೆ.’ ನಿಂತೇಹೋದರೆ, ‘ಬೇರೆ ಯಾರಿಗಾದ್ರೂ ತೋರಿಸಿದ್ರಾ ಸಾರ್?’ ಮೂರನೆಯದು ಬ್ರಹ್ಮಾಸ್ತ್ರ. ಪಂಕ್ಚರ್ ಹಾಕಿಸಿದ್ದರೂ ಅದು ‘ಬೇರೆಯವರ ಕೈ ಆಡಿದ್ದು’ ಎಂದಾಗಿ ಗ್ಯಾರಂಟಿ ಮುಗಿಯುತ್ತದೆ.

ಆದರೂ ಗಿರಾಕಿ ಮತ್ತೆ ಬರುವುದಕ್ಕೆ ಕಾರಣ ಡೈನೊ ಎಂಬ ಯಂತ್ರ. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿದರೆ ಅದು ಶಕ್ತಿಯ ಅಂಕೆಯನ್ನು ಹಾಳೆಯಲ್ಲಿ ಮುದ್ರಿಸಿ ಕೊಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ಹತ್ತಿರ ಹತ್ತಿರ ಶೇಕಡ ಹತ್ತರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಅದಕ್ಕೆ ತಕ್ಕಂತೆ ಸೊರಗುತ್ತದೆ, ಹಾಗಾಗಿ ಯಂತ್ರ ಒಂದಿಷ್ಟು ಸೇರಿಸಿ ಲೆಕ್ಕ ಸರಿದೂಗಿಸುತ್ತದೆ. ಟರ್ಬೊ ಗಾಡಿಗೆ ಆ ನಷ್ಟ ಅಷ್ಟಾಗಿ ಆಗಿರುವುದಿಲ್ಲ, ಆದರೂ ಅದೇ ಬೋನಸ್ ಸಿಗುತ್ತದೆ. ಹೀಗೆ ಎಂಜಿನ್ನಿನಲ್ಲಿ ಹುಟ್ಟದ ಒಂದಿಷ್ಟು ಕುದುರೆಗಳು ಹಾಳೆಯ ಮೇಲೆ ಹುಟ್ಟುತ್ತವೆ. ಗಿರಾಕಿ ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸುತ್ತಾನೆ. ಕ್ಲಾಂಪ್ ಸರಿಯಾಗಿ ಬಿಗಿದಿದೆ ಎಂದು ಸರ್ಟಿಫಿಕೇಟ್ ಕೊಡುವ ಯಂತ್ರವನ್ನು ಯಾರೂ ಮಾಡಿಲ್ಲ, ಮಾಡಿದರೂ ಲ್ಯಾಮಿನೇಟ್ ಮಾಡಿಸುವವರು ಸಿಗಲಾರರು. ಉಸ್ತಾದ್ ಕೊನೆಯ ಬೋಲ್ಟನ್ನು ಬಿಡುವುದು ಗಿರಾಕಿ ಅದನ್ನು ಕೇಳದ ಕಾರಣಕ್ಕೆ.

ಕೇಳಲು ಹೊರಟರೂ ಕೈಯಲ್ಲಿ ಕಾಗದವಿರುವುದಿಲ್ಲ. ಲಕ್ಷಗಟ್ಟಲೆ ಕೊಟ್ಟ ಕೆಲಸಕ್ಕೆ ಸಿಗುವ ಬಿಲ್ಲಿನಲ್ಲಿ ‘ಜನರಲ್ ವರ್ಕ್, ಲೇಬರ್’ ಎಂದಷ್ಟೇ ಬರೆದಿರುತ್ತದೆ, ಅದೂ ಕೇಳಿದರೆ. ಗಿರಾಕಿಗೂ ವಿವರವಾದ ಬಿಲ್ ಬೇಡ; ಅದು ವಿಮಾ ಕಂಪನಿಯವರ ಕಣ್ಣಿಗೆ ಬಿದ್ದರೆ ಕ್ಲೇಮಿಗೆ ಕುತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಅಕ್ರಮ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೀಗಾಗಿ ಕಳಪೆ ಕೆಲಸದ ದೂರು ಹೇಳಲು ಹೋದವನು ಮೊದಲು ತನ್ನ ತಪ್ಪೊಪ್ಪಿಗೆ ಬರೆದುಕೊಡಬೇಕಾಗುತ್ತದೆ. ಉಸ್ತಾದ್ ಇದನ್ನು ಬಲ್ಲ.

ಇಷ್ಟು ತಿಳಿದ ಮೇಲೂ ಉಸ್ತಾದನ ಬಳಿ ಗಾಡಿ ಬಿಡುವವರಿಗೆ ಒಂದು ಮಾತು: ಕಿತ್ತ ಫಿಲ್ಟರ್ ಡಬ್ಬಿ, ಸೈಲೆನ್ಸರ್, ಸ್ಪ್ರಿಂಗುಗಳನ್ನು ಅಂದೇ ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಿ. ಕಾರು ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ‘ಗಾಡಿ ಸ್ಟಾಕ್ ಇದೆಯಾ?’, ಅಂದರೆ ಕಂಪನಿ ಕೊಟ್ಟಂತೆಯೇ ಇದೆಯಾ ಎಂದು.